ಕೆಂಗುರಿಯ ಕೆಂಪು, ಪಿಕಾಸೊ ಮೀನಿನ ಬಿಳುಪು

ಒಣಗಿದ ತೆಂಗಿನಕಾಯಿ ಬಣ್ಣದ ಕುರಿಹಿಂಡು ರಸ್ತೆಗೆ ಅಡ್ಡ ಬಂತೆಂದರೆ ಗಾಡಿ ನಿಲ್ಲಿಸಿ ಸುಮ್ಮನೆ ನೋಡಬೇಕು. ಲಿಂಗಸುಗೂರು, ಸಿಂಧನೂರು, ಮಸ್ಕಿ, ಆಚೆ ಗಂಗಾವತಿಯವರೆಗಿನ ಕಲ್ಲುಗುಡ್ಡಗಳ ಸೀಮೆ ಈ ಕುರಿಯ ತವರು. ಕೆಂಪು ಕುರಿ, ಅದಕ್ಕೇ ಕೆಂಗುರಿ. ತೆಂಗಿನ ಬಣ್ಣದ್ದು ಎಂದು ತೆಂಗುರಿ ಎನ್ನುವವರೂ ಇದ್ದಾರೆ. ಮಾಂಸಕ್ಕಾಗಿ ಸಾಕುವ ಈ ಕುರಿಗೆ ದೇಶದ ಕುರಿತಳಿಗಳ ಪಟ್ಟಿಯಲ್ಲಿ ಪ್ರತ್ಯೇಕ ಜಾಗವಿದೆ. ಟಗರಿಗೆ ಕೋಡುಂಟು, ಹೆಣ್ಣಿಗೆ ಸಾಮಾನ್ಯವಾಗಿ ಇಲ್ಲ. ಹಿಂಡಿನಲ್ಲಿ ಅಲ್ಲೊಂದು ಇಲ್ಲೊಂದು ಕರಿದು, ಬಿಳಿದು ಹುಟ್ಟುವುದೂ ಇದೆ. ಆದರೂ ಹಿಂಡು ಕೆಂಪಾಗಿಯೇ ಉಳಿದಿದೆ. ಹೇಗೆ?

ನಲವತ್ತು ಐವತ್ತು ಕುರಿಗೆ ಒಂದೆರಡು ಟಗರು ಸಾಕು. ಉಳಿದ ಗಂಡುಮರಿಗಳು ಸಂತೆ ಸೇರುತ್ತವೆ. ಯಾವುದನ್ನು ಸಂತೆಗೆ ಹೊಡೆಯಬೇಕು, ಯಾವುದನ್ನು ಬೀಜಕ್ಕೆ ಉಳಿಸಿಕೊಳ್ಳಬೇಕು ಎಂಬ ನಿರ್ಧಾರವೇ ತಳಿ ಸಂವರ್ಧನೆ. ಅದಕ್ಕೆ ಪ್ರಯೋಗಾಲಯ ಬೇಕಿಲ್ಲ, ಕಣ್ಣು ಬೇಕು. ಇದೇ ಸೀಮೆಯ ಸಂತೆಕಲ್ಲೂರಿನವರಿಗೆ ಇದೇನೂ ಹೊಸ ವಿಷಯವಲ್ಲ. 19ನೇ ಶತಮಾನದಲ್ಲೇ ‘ಕೃಷಿ ಜ್ಞಾನ ಪ್ರದೀಪಿಕೆ’ ಬರೆದ ಘನಮಠ ನಾಗಭೂಷಣ ಶಿವಯೋಗಿಗಳ ಊರು ಅದು.

ಈ ಕುರಿಯ ಕಥೆ ನೆನಪಾದದ್ದು ಒಂದು ಗಾಜಿನ ತೊಟ್ಟಿಯ ಮುಂದೆ. ಕಾಲುವೆಯ ರೋಹು, ಕಾಟ್ಲಾ ನೋಡಿ ಬೆಳೆದ ನನ್ನ ಕಣ್ಣಿಗೆ ಆ ತೊಟ್ಟಿಯ ಮೀನು ಯಾರೋ ಸುಣ್ಣ ಎರಚಿದಂತೆ ಕಂಡಿತು. ಅದು ಕ್ಲೌನ್ ಮೀನು, ಅಂದರೆ ಕೋಡಂಗಿ ಮೀನು. 2003ರ ‘ಫೈಂಡಿಂಗ್ ನೆಮೊ’ ಚಿತ್ರದಿಂದ ಮಕ್ಕಳಿಗೆಲ್ಲ ಪರಿಚಿತ. ಕಿತ್ತಳೆ ಮೈ, ಅದರ ಮೇಲೆ ಮೂರು ಬಿಳಿ ಪಟ್ಟೆ, ಇದು ಅದರ ಹುಟ್ಟುಬಣ್ಣ. ನಾನು ಕಂಡದ್ದರಲ್ಲಿ ಪಟ್ಟೆಗಳು ಹರಿದು, ಹರಡಿ, ಒಂದಕ್ಕೊಂದು ಕೂಡಿಕೊಂಡಿದ್ದವು. ಅಂಗಡಿಯವರ ಭಾಷೆಯಲ್ಲಿ ಅದು ‘ಪಿಕಾಸೊ’. ಇನ್ನೂ ಹಲವು ಹೆಸರುಗಳಿವೆ: ಸ್ನೋಫ್ಲೇಕ್, ಪ್ಲಾಟಿನಂ, ಬ್ಲ್ಯಾಕ್ ಐಸ್.

ಈ ಮೀನಿನ ಸಂಸಾರವೇ ವಿಚಿತ್ರ. ಹುಟ್ಟುವಾಗ ಯಾವುದೂ ಹೆಣ್ಣಲ್ಲ. ಗುಂಪಿನಲ್ಲಿ ದೊಡ್ಡದಾಗಿ ಯಜಮಾನಿಕೆ ನಡೆಸುವುದು ಹೆಣ್ಣಾಗುತ್ತದೆ, ಅದರ ನಂತರದ್ದು ಗಂಡಾಗಿ ಜೊತೆಯಾಗುತ್ತದೆ. ಕಲ್ಲಿಗೋ ಮಡಕೆಗೋ ಅಂಟಿಸಿಟ್ಟ ನೂರಾರು ಮೊಟ್ಟೆಗಳಿಗೆ ರೆಕ್ಕೆ ಬೀಸುತ್ತ ಕಾಯುವವನು ಅಪ್ಪ. ವಾರ ಕಳೆದ ಮೇಲೆ, ಕತ್ತಲಾದ ಹೊತ್ತಿಗೆ ಮರಿ ಹೊರಬರುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣ ರೋಟಿಫರ್ ಎಂಬ ಜೀವಿಯೇ ಅವುಗಳ ಮೊದಲ ಊಟ. ಅದನ್ನು ಹೊತ್ತುಹೊತ್ತಿಗೆ ಬೆಳೆಸಿಕೊಡಲಾಗದವರು ಈ ಕೆಲಸಕ್ಕೆ ಇಳಿಯಬಾರದು. ಹತ್ತು ಹದಿನೈದು ದಿನಕ್ಕೆ ಮರಿಗಳ ಮೈಮೇಲೆ ಪಟ್ಟೆ ಮೂಡತೊಡಗುತ್ತದೆ. ಸಾಕುವವರ ಕಣ್ಣು ಕೆಲಸ ಶುರುಮಾಡುವುದು ಆಗ.

ಇದು ಕಡಲ ಮೀನಾದರೂ ಸಾಕಲು ಕಡಲತೀರದಲ್ಲೇ ಇರಬೇಕೆಂದಿಲ್ಲ. ಸಿಹಿನೀರಿಗೆ ಇದಕ್ಕೆಂದೇ ತಯಾರಿಸಿದ ಉಪ್ಪು ಬೆರೆಸಿದರೂ ನಡೆಯುತ್ತದೆ. ಅಮೆರಿಕದಲ್ಲಿ ಮಾರ್ಟಿನ್ ಮೋ 1970ರ ದಶಕದ ಆರಂಭದಲ್ಲೇ ಇದರ ಮರಿ ಬೆಳೆಸಿ ತೋರಿಸಿದರು. ನಮ್ಮಲ್ಲಿ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ವಿಳಿಂಜಂ ಮತ್ತು ಮಂಡಪಂ ಕೇಂದ್ರಗಳಲ್ಲಿ ಮರಿ ಮಾಡುವ ವಿಧಾನವನ್ನು ರೂಢಿಸಿತು. ತೊಟ್ಟಿಯಲ್ಲಿ ಹುಟ್ಟಿದ ಒಂದೊಂದು ಮೀನೂ ಹವಳದ ದಿಬ್ಬದಿಂದ ಹಿಡಿದು ತರಬೇಕಾದ ಒಂದು ಮೀನನ್ನು ಉಳಿಸಬಲ್ಲದು. ಈ ದಂಧೆಯ ಬಗ್ಗೆ ನನಗೆ ಗೌರವ ಮೂಡಿದ್ದು ಇದೊಂದೇ ಕಾರಣಕ್ಕೆ.

ಇನ್ನು ಬಣ್ಣದ ಲೆಕ್ಕ. ಪಿಕಾಸೊ ಜೊತೆಗೆ ಪಿಕಾಸೊ ಕೂಡಿಸಿದರೆ ಸರಾಸರಿ ನಾಲ್ಕು ಮರಿಗಳಲ್ಲಿ ಎರಡು ಪಿಕಾಸೊ, ಒಂದು ಸಾದಾ, ಇನ್ನೊಂದು ಮೈಯೆಲ್ಲ ಬಿಳಿಯಾದ ಪ್ಲಾಟಿನಂ. ಒಂದೇ ಜೀನ್, ಒಂದು ಪ್ರತಿ ಬಂದರೆ ಅರ್ಧ ಬಿಳುಪು, ಎರಡೂ ಬಂದರೆ ಪೂರ್ತಿ. ಎಲ್ಲವೂ ಇಷ್ಟು ಸಲೀಸಲ್ಲ. ತೊಟ್ಟಿಯ ನೀರು, ಮರಿಗಾಲದ ಆಹಾರ ಸರಿಯಿಲ್ಲದಿದ್ದರೂ ಪಟ್ಟೆ ಅರ್ಧಕ್ಕೆ ನಿಲ್ಲಬಹುದು. ಪಟ್ಟೆ ಮೂಡುವ ವೇಗವನ್ನು ಥೈರಾಯ್ಡ್ ಹಾರ್ಮೋನ್ ನಿಯಂತ್ರಿಸುತ್ತದೆ ಎಂದು 2021ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಹಾಗಾಗಿ ವಿಚಿತ್ರ ಪಟ್ಟೆ ಕಂಡ ಕೂಡಲೇ ಹೊಸ ತಳಿ ಸಿಕ್ಕಿತೆಂದು ಕುಣಿಯುವಂತಿಲ್ಲ, ಅದರ ಮರಿಗಳನ್ನು ನೋಡಬೇಕು. ಬರಗಾಲದಲ್ಲಿ ಬಡಕಲಾದ ಮರಿಯನ್ನು ಕಂಡು ತಳಿಯೇ ಬಡಕಲು ಎಂದು ಯಾವ ಕುರಿಗಾರನೂ ಹೇಳುವುದಿಲ್ಲವಲ್ಲ.

ಕಾಯುವ ತಾಳ್ಮೆಗೆ ಒಂದು ಉದಾಹರಣೆ ‘ಲೈಟ್ನಿಂಗ್ ಮರೂನ್’ ಎಂಬ ಕ್ಲೌನ್ ಮೀನು. ಪಪುವಾ ನ್ಯೂಗಿನಿಯ ಕಡಲಲ್ಲಿ 2010ರಲ್ಲಿ ಸಿಕ್ಕ, ಮೈತುಂಬ ಮಿಂಚಿನ ಬಲೆ ಬಿಟ್ಟಂಥ ಒಂದು ಮೀನು ಅಮೆರಿಕದ ಮ್ಯಾಟ್ ಪೆಡರ್ಸನ್ ಅವರ ಕೈಸೇರಿತು. ಅವರ ಊರು ಡುಲೂತ್ ಇರುವುದು ಸಿಹಿನೀರಿನ ಸರೋವರದ ದಡದಲ್ಲಿ, ಕಡಲು ಎಲ್ಲೋ ದೂರ. ಆ ಮೀನಿಗೊಂದು ಜೊತೆ ಹೊಂದಿಸಿ ಮರಿ ಪಡೆಯುವಷ್ಟರಲ್ಲಿ 2012 ಬಂದಿತ್ತು. ಮರಿಗಳಲ್ಲೂ ಮಿಂಚು ಕಂಡ ಮೇಲೆಯೇ ಅದು ವಂಶದ ಗುಣ ಎಂದು ಖಚಿತವಾಯಿತು.

ನನ್ನ ತಕರಾರು ಬೇರೆ. ಕೆಂಗುರಿಯ ಬಣ್ಣವನ್ನು ಕುರಿಗಾರ ಆರಿಸಿದರೂ ಉಳಿದ ಪರೀಕ್ಷೆಯನ್ನು ಬಿಸಿಲು, ನಡಿಗೆ, ಮುಳ್ಳುಕಂಟಿ ನಡೆಸುತ್ತವೆ. ಬಣ್ಣ ಚೆಂದವಿದ್ದು ಕಾಲು ಸೋತರೆ ಆ ಟಗರು ಹಿಂಡಿನಲ್ಲಿ ಉಳಿಯುವುದಿಲ್ಲ. ತೊಟ್ಟಿಯ ಮೀನಿಗೆ ಅಂಥ ಪರೀಕ್ಷಕರಿಲ್ಲ. ಊಟ ಕಾಲಕ್ಕೆ ಸರಿಯಾಗಿ ಬೀಳುತ್ತದೆ, ಶತ್ರುವಿಲ್ಲ. ಬೆಲೆ ಬರುವ ಬಣ್ಣಕ್ಕಾಗಿ ಒಡಹುಟ್ಟಿದವನ್ನೇ ಮತ್ತೆ ಮತ್ತೆ ಕೂಡಿಸಿದರೆ ದೋಷಗಳೂ ಬಣ್ಣದ ಬೆನ್ನಿಗೇ ಬರುತ್ತವೆ. ಗಿಡ್ಡಾದ ಕಿವಿರಿನ ಮುಚ್ಚಳ, ಮುಂದೆ ಚಾಚಿದ ಕೆಳದವಡೆಯ ಮೀನುಗಳು ಬಣ್ಣದ ಬಲದಿಂದಲೇ ಮಾರಾಟವಾಗುತ್ತವೆ. ಕುರಿಹಿಂಡಿಗೆ ಎರಡು ಮೂರು ವರ್ಷಕ್ಕೊಮ್ಮೆ ಹೊರಗಿನ ಟಗರು ತನ್ನಿ ಎಂದು ಪಶುವೈದ್ಯರು ಹೇಳುವುದು ಇದೇ ಭಯಕ್ಕೆ. ಆ ಮಾತು ತೊಟ್ಟಿಗೂ ಸಲ್ಲುತ್ತದೆ.

ಬಣ್ಣದ ಕ್ಲೌನ್ ಮೀನು ಕೊಳ್ಳುವ ಆಸೆಯಿದ್ದರೆ ಹ್ಯಾಚರಿಯಲ್ಲಿ ಹುಟ್ಟಿದ್ದನ್ನೇ ಕೇಳಿ. ಎರಡೂ ಮಗ್ಗುಲು ನೋಡಿ. ಕಿವಿರು ಪೂರ್ತಿ ಮುಚ್ಚಿರಬೇಕು, ನಿಮ್ಮೆದುರೇ ಆಹಾರ ತಿನ್ನಬೇಕು, ಪಟ್ಟೆಯ ಮಾತು ಆಮೇಲೆ. ಸಂತೆಯಲ್ಲಿ ಟಗರಿನ ಬಾಯಿ ಬಿಡಿಸಿ ಹಲ್ಲು ನೋಡಿಯೇ ದರ ಮಾತಾಡುವ ನಮ್ಮ ಸೀಮೆಯವರಿಗೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ.