ನಿಮಗಿದು ಗೊತ್ತೇ? ಆಟಿಸಂ ಒಂದೂವರೆ ವರ್ಷಕ್ಕೂ ತಿಳಿಯಬಹುದು, ಐವತ್ತಕ್ಕೂ ತಿಳಿಯಬಹುದು

ಎರಡು ವರ್ಷವಾದರೂ ಮಗುವಿಗೆ ಮಾತು ಬಂದಿಲ್ಲ ಎಂದರೆ ಮನೆಯ ಹಿರಿಯರು ಹೇಳುವುದು ಸಾಮಾನ್ಯವಾಗಿ ಒಂದೇ: "ಗಂಡು ಹುಡುಗರಿಗೆ ಮಾತು ತಡ ಕಣಮ್ಮ, ಇವನಪ್ಪನೂ ಹೀಗೇ ಇದ್ದ." ಆ ಸಮಾಧಾನದಲ್ಲಿ ಬೆಲೆಬಾಳುವ ವರ್ಷಗಳು ಕಳೆದುಹೋಗುತ್ತವೆ. ಮಾತಿನ ಆ ತಡ, ಮಿದುಳಿನ ಬೆಳವಣಿಗೆಗೆ ಸೇರಿದ ಆಟಿಸಂನ ಸೂಚನೆಯೂ ಆಗಿರಬಹುದು. ಅದು ಯಾವ ವಯಸ್ಸಿಗೆ, ಹೇಗೆ ಗೊತ್ತಾಗುತ್ತದೆ? ತಡವಾಗಿ ಗೊತ್ತಾದರೆ ಪ್ರಯೋಜನವಿದೆಯೇ? ಪ್ರತಿ ಮನೆಯಲ್ಲೂ ತಿಳಿದಿರಬೇಕಾದ ಸಂಗತಿಗಳಿವು.

● ನುರಿತ ತಜ್ಞರು ಎರಡು ವರ್ಷದ ಮಗುವಿನಲ್ಲೇ ಆಟಿಸಂ ಗುರುತಿಸಬಲ್ಲರು. ಕೆಲವು ಮಕ್ಕಳಲ್ಲಿ ಒಂದೂವರೆ ವರ್ಷಕ್ಕೇ. ಆದರೆ ಅಮೆರಿಕದಲ್ಲಿ 2022ರ ಎಂಟು ವರ್ಷದ ಮಕ್ಕಳ ದಾಖಲೆಗಳನ್ನು ಪರಿಶೀಲಿಸಿದಾಗ, ಆಟಿಸಂ ಎಂದು ಮೊದಲು ತಿಳಿದ ಮಧ್ಯಮ ವಯಸ್ಸು 47 ತಿಂಗಳು ಇತ್ತು. ಅಂದರೆ ಅರ್ಧದಷ್ಟು ಮಕ್ಕಳ ವಿಷಯ ಗೊತ್ತಾದದ್ದು ನಾಲ್ಕನೇ ಹುಟ್ಟುಹಬ್ಬ ಹತ್ತಿರವಾದಾಗ ಅಥವಾ ಅದು ಕಳೆದ ಮೇಲೆ.

● ಅದೇ ದೇಶದಲ್ಲಿ 2000ದಲ್ಲಿ 150 ಮಕ್ಕಳಿಗೆ ಒಬ್ಬರಂತೆ ಇದ್ದ ಲೆಕ್ಕ 2022ಕ್ಕೆ 31ಕ್ಕೆ ಒಬ್ಬರಾಯಿತು. ಆಟಿಸಂನ ವ್ಯಾಖ್ಯೆ ವಿಸ್ತಾರವಾದದ್ದು, ತಪಾಸಣೆ ಹೆಚ್ಚಿದ್ದು, ಹಿಂದೆ ಯಾರ ಕಣ್ಣಿಗೂ ಬೀಳದೆ ಉಳಿಯುತ್ತಿದ್ದವರು ಈಗ ಲೆಕ್ಕಕ್ಕೆ ಬಂದದ್ದು ಈ ಏರಿಕೆಗೆ ದೊಡ್ಡ ಕಾರಣ.

● 1994ರಲ್ಲಿ ಅಮೆರಿಕದ ಸಂಶೋಧಕಿಯರಿಬ್ಬರು 22 ಮಕ್ಕಳ ಮೊದಲ ಹುಟ್ಟುಹಬ್ಬದ ವಿಡಿಯೊಗಳನ್ನು ಕೂತು ನೋಡಿದರು. ಅವರಲ್ಲಿ 11 ಮಕ್ಕಳಿಗೆ ಆಮೇಲೆ ಆಟಿಸಂ ಎಂದು ಗೊತ್ತಾಗಿತ್ತು. ವ್ಯತ್ಯಾಸ ಕಂಡದ್ದು ನಾಲ್ಕು ವಿಷಯಗಳಲ್ಲಿ: ಬೇರೆಯವರ ಮುಖ ನೋಡುವುದು, ಹೆಸರು ಕರೆದರೆ ತಿರುಗುವುದು, ಬೆರಳು ತೋರಿಸುವುದು, ಕೈಯಲ್ಲಿದ್ದ ವಸ್ತುವನ್ನು ಎತ್ತಿ ಬೇರೆಯವರಿಗೆ ತೋರಿಸುವುದು. ನೆಂಟರೆಲ್ಲ ಸೇರಿದ್ದ ದಿನವೇ ಸೂಚನೆಗಳು ಕಣ್ಣೆದುರಿಗಿದ್ದವು. ಏನನ್ನು ನೋಡಬೇಕೆಂದು ಯಾರಿಗೂ ತಿಳಿದಿರಲಿಲ್ಲ.

● ಪುಟ್ಟ ಮಕ್ಕಳು ಬೆರಳು ತೋರಿಸುವುದರಲ್ಲಿ ಎರಡು ಬಗೆ. 'ಆ ಬಿಸ್ಕತ್ತು ಕೊಡು' ಎಂದು ಕೇಳುವುದಕ್ಕೆ ತೋರಿಸುವುದು ಒಂದು. 'ಅಲ್ನೋಡು, ಚಂದಮಾಮ' ಎಂದು ಖುಷಿ ಹಂಚಿಕೊಳ್ಳುವುದಕ್ಕೆ ತೋರಿಸುವುದು ಇನ್ನೊಂದು. ಎರಡನೆಯದರಲ್ಲಿ ಮಗು ಚಂದ್ರನನ್ನು ನೋಡಿ, ತಿರುಗಿ ಅಮ್ಮನ ಮುಖ ನೋಡಿ, ಮತ್ತೆ ಚಂದ್ರನತ್ತ ನೋಡುತ್ತದೆ. ಆಟಿಸಂ ಇರುವ ಅನೇಕ ಮಕ್ಕಳಲ್ಲಿ ಈ ಎರಡನೆಯ ಬಗೆ ಕಾಣುವುದಿಲ್ಲ, ಕಂಡರೂ ತೀರ ಅಪರೂಪ. ನೀರು ಬೇಕಾದರೆ ಅಂಥ ಮಗು ಅಮ್ಮನ ಮುಂಗೈ ಹಿಡಿದು ಎಳೆದೊಯ್ದು ಫಿಲ್ಟರಿನ ನಲ್ಲಿಯ ಮೇಲೆ ಇಡಬಹುದು, ಅವಳ ಮುಖದ ಕಡೆ ನೋಡದೆಯೇ.

● ಹೆಸರು ಕರೆದರೆ ತಿರುಗದ ಮಗುವಿಗೆ ಮೊದಲು ಆಗಬೇಕಾದದ್ದು ಕಿವಿಯ ಪರೀಕ್ಷೆ. ಅದಕ್ಕೇ ವೈದ್ಯರು 'ಬೆರಾ ಟೆಸ್ಟ್' ಮಾಡಿಸಿ ಎನ್ನುತ್ತಾರೆ. ಕರೆದರೆ ಓಗೊಡದ ಮಗು ಪಕ್ಕದ ಕೋಣೆಯಲ್ಲಿ ಚಿಪ್ಸ್ ಪೊಟ್ಟಣ ಬಿಚ್ಚಿದ ಸದ್ದಿಗೆ ಓಡಿ ಬರುತ್ತದೆಯೇ? ಅದನ್ನೂ ವೈದ್ಯರಿಗೆ ಹೇಳಿ.

● ಆಟಿಸಂ ಇದೆಯೋ ಇಲ್ಲವೋ ಎಂದು ಹೇಳುವ ರಕ್ತಪರೀಕ್ಷೆ ಇಲ್ಲ, ಸ್ಕ್ಯಾನ್ ಇಲ್ಲ. ಮಗುವನ್ನು ಗಮನಿಸಬೇಕು, ಮನೆಯವರನ್ನು ವಿವರವಾಗಿ ಕೇಳಬೇಕು. ಒಂದು ಪ್ರಸಿದ್ಧ ಪರೀಕ್ಷೆಯಲ್ಲಿ ತಜ್ಞರು ಸೋಪಿನ ಗುಳ್ಳೆಗಳನ್ನು ಹಾರಿಸುತ್ತಾರೆ. ಮಗು ಗುಳ್ಳೆಯನ್ನಷ್ಟೇ ಹಿಂಬಾಲಿಸುತ್ತದೆಯೋ, ಪಕ್ಕದಲ್ಲಿರುವ ಅಮ್ಮನ ಕಡೆಗೂ ತಿರುಗಿ ನಗುತ್ತದೆಯೋ, ಇನ್ನಷ್ಟು ಬೇಕೆಂಬುದನ್ನು ಹೇಗೆ ತಿಳಿಸುತ್ತದೆ ಎಂಬುದನ್ನೆಲ್ಲ ಬರೆದುಕೊಳ್ಳುತ್ತಾರೆ. ಹೊರಗಿನವರಿಗೆ ಅದು ಬರೀ ಆಟದಂತೆ ಕಾಣುತ್ತದೆ.

● 16ರಿಂದ 30 ತಿಂಗಳ ಮಕ್ಕಳಿಗಾಗಿ ಎಂ-ಚಾಟ್ ಎಂಬ 20 ಪ್ರಶ್ನೆಗಳ ಪಟ್ಟಿ ಇದೆ. ತಂದೆತಾಯಿ ಹೌದು-ಇಲ್ಲ ಎಂದು ಉತ್ತರಿಸಿದರೆ ಸಾಕು. ಇದೊಂದು ಜರಡಿ ಅಷ್ಟೆ. ಇದರಲ್ಲಿ ಉಳಿದ ಮಕ್ಕಳೆಲ್ಲರಿಗೂ ಆಟಿಸಂ ಇರುತ್ತದೆ ಎಂದಲ್ಲ, ಪೂರ್ತಿ ಪರೀಕ್ಷೆ ಆಗಬೇಕು ಎಂದರ್ಥ. 18 ಮತ್ತು 24ನೇ ತಿಂಗಳಲ್ಲಿ ಎಲ್ಲ ಮಕ್ಕಳಿಗೂ ಇಂಥ ತಪಾಸಣೆ ಆಗಬೇಕೆಂದು ಅಮೆರಿಕದ ಮಕ್ಕಳ ವೈದ್ಯರ ಸಂಘ ಹೇಳುತ್ತದೆ.

● ಕೆಲವು ಮಕ್ಕಳು 'ಅಮ್ಮ', 'ತಾತ' ಎನ್ನುತ್ತಿದ್ದು, ಒಂದೂವರೆ ವರ್ಷದ ಆಸುಪಾಸಿನಲ್ಲಿ ಬಂದ ಮಾತನ್ನೇ ಕಳೆದುಕೊಳ್ಳುತ್ತಾರೆ. ಯಾವ ವಯಸ್ಸಿನಲ್ಲೇ ಆಗಲಿ, ಬಂದ ಮಾತು ಹೋದರೆ ಒಂದು ವಾರವೂ ಕಾಯದೆ ವೈದ್ಯರಲ್ಲಿಗೆ ಹೋಗಬೇಕು.

● ಲಸಿಕೆಯ ಮೇಲೆ ಸುಳ್ಳು ಆರೋಪ ಬಂದದ್ದಕ್ಕೆ ಈ ವಯಸ್ಸೂ ಒಂದು ಕಾರಣ. ದಡಾರದ ಲಸಿಕೆ ಹಾಕುವ ತಿಂಗಳುಗಳಲ್ಲೇ ಆಟಿಸಂ ಲಕ್ಷಣಗಳು ಮನೆಯವರ ಗಮನಕ್ಕೆ ಬರುತ್ತವೆ. 1998ರಲ್ಲಿ ಕೇವಲ 12 ಮಕ್ಕಳ ಮೇಲೆ ಬರೆದ ಪ್ರಬಂಧವೊಂದು ಈ ಗುಮಾನಿ ಹಬ್ಬಿಸಿತು. 'ಲ್ಯಾನ್ಸೆಟ್' ಪತ್ರಿಕೆ 2010ರಲ್ಲಿ ಅದನ್ನು ಹಿಂತೆಗೆದುಕೊಂಡಿತು. 2019ರಲ್ಲಿ ಡೆನ್ಮಾರ್ಕಿನ 6,57,461 ಮಕ್ಕಳ ಅಧ್ಯಯನ ಲಸಿಕೆಗೂ ಆಟಿಸಂಗೂ ಸಂಬಂಧವಿಲ್ಲವೆಂದು ಮತ್ತೊಮ್ಮೆ ತೋರಿಸಿತು.

● ಇನ್ನೂ ಕ್ರೂರವಾದ ಆರೋಪ ತಾಯಂದಿರ ಮೇಲೆ ಬಂತು. ತಾಯಿಯ ಪ್ರೀತಿ ಸಾಲದೆ ಮಗು ಹೀಗಾಗುತ್ತದೆ ಎಂದು ಬ್ರೂನೋ ಬೆಟೆಲ್‌ಹೈಮ್ ಎಂಬುವರು 1967ರಲ್ಲಿ ಪುಸ್ತಕವನ್ನೇ ಬರೆದರು. ಅದಕ್ಕೂ ಮೊದಲೇ, 1964ರಲ್ಲಿ, ಆಟಿಸಂ ಇದ್ದ ಮಗನ ತಂದೆಯೂ ಮನೋವಿಜ್ಞಾನಿಯೂ ಆಗಿದ್ದ ಬರ್ನಾರ್ಡ್ ರಿಮ್‌ಲ್ಯಾಂಡ್ ಇದು ಮಿದುಳಿನ ಬೆಳವಣಿಗೆಗೆ ಸೇರಿದ್ದೆಂದು ವಾದಿಸಿದ್ದರು. ಗೆದ್ದದ್ದು ರಿಮ್‌ಲ್ಯಾಂಡ್ ವಾದ. ಆದರೂ 'ನೀನು ಮಗೂನ ಸರಿಯಾಗಿ ಮಾತಾಡಿಸ್ತಿರಲಿಲ್ಲ' ಎಂಬ ಮಾತನ್ನು ಇಂದಿಗೂ ಎಷ್ಟೋ ಸೊಸೆಯರು ಕೇಳುತ್ತಿದ್ದಾರೆ. ಆ ಮಾತು ನಿಲ್ಲಬೇಕು.

● 1938ರಲ್ಲಿ ಮಿಸಿಸಿಪಿಯ ಫಾರೆಸ್ಟ್ ಎಂಬ ಸಣ್ಣ ಊರಿನ ವಕೀಲರೊಬ್ಬರು ಐದು ವರ್ಷದ ಮಗನ ವರ್ತನೆಯನ್ನು ವಿವರಿಸಿ ಬಾಲ್ಟಿಮೋರಿನ ವೈದ್ಯ ಲಿಯೋ ಕ್ಯಾನರ್ ಅವರಿಗೆ 33 ಪುಟಗಳ ಪತ್ರ ಬರೆದರು. ಕ್ಯಾನರ್ 1943ರಲ್ಲಿ ಆಟಿಸಂ ಇದ್ದ 11 ಮಕ್ಕಳ ಬಗ್ಗೆ ಬರೆದ ಹೆಸರಾಂತ ಪ್ರಬಂಧದಲ್ಲಿ ಆ ಹುಡುಗ ಡೊನಾಲ್ಡ್ ಟ್ರಿಪ್ಲೆಟ್‌ನದೇ ಮೊದಲ ಪ್ರಕರಣ. ಡೊನಾಲ್ಡ್ ಬೆಳೆದು ತನ್ನೂರಿನ ಬ್ಯಾಂಕಿನಲ್ಲಿ ದಶಕಗಳ ಕಾಲ ದುಡಿದರು, ಕಾರು ಓಡಿಸಿದರು, ಗಾಲ್ಫ್ ಆಡಿದರು, ದೇಶ ಸುತ್ತಿದರು. 2023ರಲ್ಲಿ 89ನೇ ವಯಸ್ಸಿನಲ್ಲಿ ತೀರಿಕೊಂಡರು. ಊರಿನವರು ಅವರನ್ನು ತಮ್ಮವರೆಂದೇ ನೋಡಿಕೊಂಡಿದ್ದರು.

● ಕ್ಯಾನರ್‌ಗಿಂತ ಹದಿನೆಂಟು ವರ್ಷ ಮೊದಲೇ, 1925ರಲ್ಲಿ, ಸೋವಿಯತ್ ವೈದ್ಯೆ ಗ್ರುನ್ಯಾ ಸುಖರೇವಾ ಆರು ಹುಡುಗರಲ್ಲಿ ಇಂಥವೇ ಲಕ್ಷಣಗಳನ್ನು ದಾಖಲಿಸಿದ್ದರು. ಜಗತ್ತು ಅವರನ್ನು ನೆನೆಸಿಕೊಂಡದ್ದು ತೀರ ಈಚೆಗೆ.

● ಆ ವಕೀಲರ ಪತ್ರದ ಕೆಲಸವನ್ನು ಇಂದು ನಿಮ್ಮ ಮೊಬೈಲ್ ಮಾಡಬಲ್ಲದು. ಆಸ್ಪತ್ರೆಯ ಹೊಸ ಜಾಗದಲ್ಲಿ ಮಗು ಬೇರೆಯದೇ ರೀತಿ ಇರಬಹುದು. ಮನೆಯಲ್ಲಿ ಆಡುವಾಗ, ಉಣ್ಣುವಾಗ, ರಚ್ಚೆ ಹಿಡಿದಾಗ ತೆಗೆದ ಪುಟ್ಟ ವಿಡಿಯೊಗಳು ವೈದ್ಯರಿಗೆ ಬಹಳ ನೆರವಾಗುತ್ತವೆ.

● ಹೆಣ್ಣುಮಕ್ಕಳಲ್ಲಿ ಆಟಿಸಂ ತಡವಾಗಿ ಗೊತ್ತಾಗುತ್ತದೆ, ಎಷ್ಟೋ ಸಲ ಗೊತ್ತಾಗುವುದೇ ಇಲ್ಲ. ಗೆಳತಿಯರ ನಗು, ಮಾತಿನ ಧಾಟಿ, ಕೈಸನ್ನೆಗಳನ್ನು ನೋಡಿ ನೋಡಿ ಕಲಿತು, ತಮಗಾಗುವ ಕಷ್ಟವನ್ನು ಮುಚ್ಚಿಡುವುದು ಅವರಲ್ಲಿ ಹೆಚ್ಚು. 'ತುಂಬಾ ಒಳ್ಳೆ ಹುಡುಗಿ, ಮಾತು ಕಮ್ಮಿ' ಎಂದು ಶಾಲೆಯವರು ಹೊಗಳುತ್ತಾರೆ. ದಿನವಿಡೀ ಹೀಗೆ ಹೊಂದಿಕೊಂಡ ಹುಡುಗಿ ಮನೆಗೆ ಬಂದು ಸುಸ್ತಾಗಿ ಅಳುವುದು ಹೊರಗಿನವರಿಗೆ ಕಾಣುವುದಿಲ್ಲ.

● ಸ್ಕಾಟ್ಲೆಂಡಿನ ಗಾಯಕಿ ಸೂಸನ್ ಬಾಯ್ಲ್ ಅವರಿಗೆ ಚಿಕ್ಕಂದಿನಲ್ಲಿ 'ಮಿದುಳಿಗೆ ಪೆಟ್ಟಾಗಿದೆ' ಎಂಬ ಹಣೆಪಟ್ಟಿ ಅಂಟಿತ್ತು. ತಮಗಿರುವುದು ಆಟಿಸಂನದೇ ಒಂದು ಬಗೆಯಾದ ಆಸ್ಪರ್ಗರ್ ಎಂದು ಗೊತ್ತಾದದ್ದು ಐವತ್ತು ದಾಟಿದ ಮೇಲೆ. 2013ರಲ್ಲಿ ಅದನ್ನು ಬಹಿರಂಗವಾಗಿ ಹೇಳಿದಾಗ ಅವರು ವ್ಯಕ್ತಪಡಿಸಿದ್ದು ನಿರಾಳ ಭಾವ.

● ಆಸ್ಪರ್ಗರ್ ಎಂಬ ಹೆಸರನ್ನು ಇಂಗ್ಲಿಷ್ ಓದುವ ವೈದ್ಯರಿಗೆ 1981ರಲ್ಲಿ ಪರಿಚಯಿಸಿದವರು ಬ್ರಿಟನ್ನಿನ ವೈದ್ಯೆ ಲೋರ್ನಾ ವಿಂಗ್. ಅವರ ಮಗಳಿಗೂ ಆಟಿಸಂ ಇತ್ತು. ಆಟಿಸಂಗೆ ಒಂದೇ ಮುಖವಿಲ್ಲ, ಹಲವು ಬಗೆಗಳಿವೆ ಎಂದು ಅವರು ತೋರಿಸಿದ್ದರಿಂದಲೇ ಮುಂದೆ ಸಾವಿರಾರು ವಯಸ್ಕರಿಗೆ ತಮ್ಮ ಬದುಕಿನ ವಿವರಣೆ ಸಿಕ್ಕಿತು. 2013ರ ಹೊಸ ವರ್ಗೀಕರಣದಲ್ಲಿ ಆಸ್ಪರ್ಗರ್ ಬೇರೆಯಾಗಿ ಉಳಿಯದೆ ಆಟಿಸಂನಲ್ಲೇ ಸೇರಿಹೋಯಿತು.

● ಮಗುವಿನ ಪರೀಕ್ಷೆ ನಡೆಯುವಾಗ, ವೈದ್ಯರು ಕೇಳುವ ಒಂದೊಂದು ಪ್ರಶ್ನೆಯಲ್ಲೂ ತಂದೆಯೋ ತಾಯಿಯೋ ತಮ್ಮ ಬಾಲ್ಯವನ್ನೇ ಕಾಣುವುದುಂಟು. ಎಷ್ಟೋ ವಯಸ್ಕರ ಆಟಿಸಂ ಗೊತ್ತಾಗುವುದು ಹೀಗೆಯೇ. ಆಟಿಸಂನಲ್ಲಿ ಅನುವಂಶೀಯತೆಯ ಪಾಲು ದೊಡ್ಡದು. 'ಇವನಪ್ಪನೂ ಹೀಗೇ ಇದ್ದ' ಎಂಬ ಅಜ್ಜಿಯ ಮಾತು ಸುಮ್ಮನಿರುವುದಕ್ಕೆ ನೆಪವಾಗಬಾರದು. ಅದು ವೈದ್ಯರಿಗೆ ಹೇಳಲೇಬೇಕಾದ ಮಾಹಿತಿ.

● ಆಟಿಸಂ ಎಂದು ತಿಳಿದ ದಿನ ಒಬ್ಬೊಬ್ಬರಿಗೆ ಒಂದೊಂದು ಥರ. ಪುಟ್ಟ ಮಕ್ಕಳ ತಂದೆತಾಯಿಗೆ ಆಕಾಶವೇ ತಲೆ ಮೇಲೆ ಬಿದ್ದಂತೆ. ನಲವತ್ತರಲ್ಲಿ ತಿಳಿದವರಿಗೆ 'ನಾನು ಸೋಮಾರಿಯಲ್ಲ, ಜಂಬದವಳೂ ಅಲ್ಲ' ಎಂಬ ಬಿಡುಗಡೆ. ಜೊತೆಗೇ, ಮೊದಲೇ ಯಾರಾದರೂ ಹೇಳಿದ್ದರೆ ಎಂಬ ಸಂಕಟ.

● ಭಾರತದ 1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂನ ಹೆಸರೇ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ ಬಂತು. 2016ರ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಸೇರಿತು. ರಾಷ್ಟ್ರೀಯ ನ್ಯಾಸದ 'ನಿರಾಮಯ' ಯೋಜನೆಯಲ್ಲಿ 1 ಲಕ್ಷ ರೂಪಾಯಿವರೆಗೆ ಆರೋಗ್ಯ ವಿಮೆಯಿದೆ.

● ನಮ್ಮ ದೇಶದಲ್ಲೇ ರೂಪುಗೊಂಡ 'ಐಸಾ' ಎಂಬ ಅಳತೆಯಲ್ಲಿ 40 ಅಂಶಗಳಿವೆ. ಒಂದೊಂದಕ್ಕೂ 1ರಿಂದ 5 ಅಂಕ. ಒಟ್ಟು 70 ಅಥವಾ ಹೆಚ್ಚು ಬಂದರೆ ಆಟಿಸಂ ಎಂದು ಪರಿಗಣಿಸುತ್ತಾರೆ.

● ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ ಎರಡು ಸಲ ಪುಕ್ಕಟೆಯಾಗಿ ತಪಾಸಣೆ ಮಾಡಬೇಕು. ತಂಡ ಬಂದ ದಿನ ನಿಮ್ಮ ಅನುಮಾನವನ್ನು ಬಾಯಿಬಿಟ್ಟು ಹೇಳಿ.

● ಬೆಂಗಳೂರಿನ ನಿಮ್ಹಾನ್ಸ್ ಮಕ್ಕಳ ಮನೋವೈದ್ಯ ವಿಭಾಗದಲ್ಲೂ ಮೈಸೂರು ಮಾನಸಗಂಗೋತ್ರಿಯ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲೂ ಆಟಿಸಂ ಪರೀಕ್ಷೆ ನಡೆಯುತ್ತದೆ. 'ಮಾತು ಬಂದಿಲ್ಲ' ಎಂದು ಬರುವವರಿಗೆ ಮೈಸೂರಿನ ಸಂಸ್ಥೆ ಎಷ್ಟೋ ಸಲ ಮೊದಲ ಬಾಗಿಲು.

● ಅಣ್ಣನಿಗೋ ಅಕ್ಕನಿಗೋ ಆಟಿಸಂ ಇದ್ದರೆ, ಆಮೇಲೆ ಹುಟ್ಟಿದ ಮಕ್ಕಳಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಅದು ಕಾಣಿಸಿಕೊಳ್ಳುತ್ತದೆ. ಎರಡನೆಯ ಮಗುವನ್ನು ಮೊದಲಿನಿಂದಲೇ ತಜ್ಞರಿಗೆ ತೋರಿಸುತ್ತಿರಿ.

● ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ 2ರಿಂದ 9 ವರ್ಷದ 65 ಮಕ್ಕಳೊಂದಿಗೆ ನಡೆದ, 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತರು ಮನೆಗೇ ಹೋಗಿ, ಮಗುವಿನೊಂದಿಗೆ ಹೇಗೆ ಆಡಬೇಕೆಂದು ಹೆತ್ತವರಿಗೆ ಕಲಿಸಿದರು. ಹೆತ್ತವರು ಮಗುವಿನ ಆಸಕ್ತಿಯನ್ನು ಗಮನಿಸಿ ಅದರ ಜಾಡಿನಲ್ಲೇ ಮಾತಾಡಲು ಕಲಿತರು. ಮಕ್ಕಳೂ ತಾವಾಗಿ ಹೆಚ್ಚು ಸ್ಪಂದಿಸತೊಡಗಿದರು. ಇದಕ್ಕೆ ದೊಡ್ಡ ಊರೂ ಬೇಕಿಲ್ಲ, ದುಬಾರಿ ಯಂತ್ರವೂ ಬೇಕಿಲ್ಲ. ಅಂಗವೈಕಲ್ಯದ ಪ್ರಮಾಣಪತ್ರ ಕೈಗೆ ಬರಲೆಂದು ಕಾಯುವುದೂ ಬೇಡ. ಮಗುವಿನ ಬಗ್ಗೆ ಅನುಮಾನ ಬಂದರೆ ಈ ವಾರವೇ ಕರೆದೊಯ್ಯಿರಿ. ನಿಮ್ಮ ಬಗ್ಗೆಯೇ ಬಂದಿದ್ದರೆ, ಐವತ್ತು ದಾಟಿದ್ದರೂ ಸರಿ, ನೀವೇ ಹೋಗಿ ಕೇಳಿ. ತಿಳಿದುಕೊಳ್ಳುವುದಕ್ಕೆ ವಯಸ್ಸು ಮೀರಿತು ಎಂಬುದಿಲ್ಲ.