ಸರತಿ ಸಾಲಿಗೆ ಸುರತ್ಕಲ್ಲಿನ ಮದ್ದು

ಧರ್ಮಸ್ಥಳದಲ್ಲಿ ದರ್ಶನಕ್ಕೆ ಬಂದವರು ಕೂತು ಕಾಯಲೆಂದು 2025ರ ಜನವರಿಯಲ್ಲಿ ‘ಶ್ರೀ ಸಾನ್ನಿಧ್ಯ’ ಸಂಕೀರ್ಣ ತೆರೆಯಿತು. ಇಂಟರ್ನೆಟ್ಟಿನಲ್ಲಿ ಸಾಗುವ ದತ್ತಾಂಶವೂ ಹೀಗೆಯೇ ದಾರಿಯುದ್ದಕ್ಕೂ ಸಾಲು ನಿಲ್ಲುತ್ತದೆ. ಆ ಸಾಲನ್ನು ಹದ್ದುಬಸ್ತಿನಲ್ಲಿಡುವ ಒಂದು ವಿಧಾನವನ್ನು ಲಿನಕ್ಸ್ ಎಂಬ ಕಾರ್ಯಾಚರಣ ತಂತ್ರಾಂಶಕ್ಕೆ ಸೇರಿಸಿದವರು ಇದೇ ಜಿಲ್ಲೆಯ ಸುರತ್ಕಲ್ಲಿನ ಎಂಜಿನಿಯರಿಂಗ್ ಕಾಲೇಜು ಎನ್‌ಐಟಿಕೆಯವರು.

ಅಂದಿನ ಸಂಸದ ಯು. ಶ್ರೀನಿವಾಸ ಮಲ್ಯರ ಪ್ರಯತ್ನದಿಂದ 1960ರಲ್ಲಿ ಕಡಲ ತಡಿಯಲ್ಲಿ ಹುಟ್ಟಿದ ಈ ಕಾಲೇಜು 2002ರಲ್ಲಿ ಎನ್‌ಐಟಿ ಆಯಿತು. ಹಳಬರಿಗೆ ಇಂದಿಗೂ ಅದು ಹಳೆಯ ಹೆಸರಿನ ಕೆಆರ್‌ಇಸಿಯೇ.

ಸಾಲು ಬೆಳೆದರೆ ಏನಾಗುತ್ತದೆ? ಸೆಕೆಂಡಿಗೆ 5 ಮೆಗಾಬಿಟ್ ಸಾಗಿಸುವ ಸಂಪರ್ಕದ ಮುಂದೆ 1,500 ಬೈಟಿನ 1,000 ಪ್ಯಾಕೆಟ್ (ದತ್ತಾಂಶದ ತುಂಡುಗಳು) ನಿಂತಿವೆ ಎನ್ನಿ. ಕೊನೆಯದು ಹೊರಬೀಳಲು 2.4 ಸೆಕೆಂಡು ಬೇಕು. ಮನೆಯಲ್ಲಿ ಒಬ್ಬರು ಸಿನಿಮಾ ಇಳಿಸಿಕೊಳ್ಳುತ್ತಿದ್ದರೆ ಇನ್ನೊಬ್ಬರ ವಿಡಿಯೊ ಕರೆ ತಡವರಿಸುವುದು ಹಲವು ಬಾರಿ ಇದರಿಂದಲೇ. ಮೆಮೊರಿ ಅಗ್ಗವಾದಂತೆ ಉಪಕರಣಗಳಲ್ಲಿ ಸಾಲಿನ ಜಾಗ ಹಿಗ್ಗಿತು, ಕಾಯುವಿಕೆಯೂ ಹಿಗ್ಗಿತು. ಈ ಕಾಯಿಲೆಗೆ ‘ಬಫರ್‌ಬ್ಲೋಟ್’ ಎಂದು ಹೆಸರು.

ಇದಕ್ಕೆ ಸುರತ್ಕಲ್ಲಿನವರು ಲಿನಕ್ಸಿಗಾಗಿ ಬರೆದ ಮದ್ದು ‘ಎಫ್‌ಕ್ಯೂ-ಪೈ’. ಸಿನಿಮಾಕ್ಕೊಂದು, ಕರೆಗೊಂದು ಬೇರೆ ಬೇರೆ ಸಾಲು ಮಾಡಿ ಸರದಿಯಂತೆ ಎಲ್ಲಕ್ಕೂ ದಾರಿ ಬಿಡುತ್ತದೆ. ಕಾಯುವ ಹೊತ್ತು 15 ಮಿಲಿಸೆಕೆಂಡಿನ ಗುರಿ ಮೀರಿ ಏರತೊಡಗಿದರೆ ಕೆಲವು ಪ್ಯಾಕೆಟ್‌ಗಳನ್ನು ಮೊದಲೇ ಕೈಬಿಡುತ್ತದೆ. ಕಳುಹಿಸುವ ಕಂಪ್ಯೂಟರ್ ಅದನ್ನರಿತು ವೇಗ ತಗ್ಗಿಸುತ್ತದೆ. 2020ರ ಮಾರ್ಚಿನಲ್ಲಿ ಬಂದ ಲಿನಕ್ಸ್ 5.6ರಲ್ಲಿ ಇದು ಸೇರಿತು. ಅದರ ಸೋರ್ಸ್ ಕೋಡ್ ಕಡತದ ತಲೆಯಲ್ಲೇ ಅಧ್ಯಾಪಕ ಮೋಹಿತ್ ತಹಿಲಿಯಾನಿ ಮತ್ತು ಅವರ ವಿದ್ಯಾರ್ಥಿಗಳ ಹೆಸರುಗಳಿವೆ.

ಸಾಲಿನ ಕಾಟ ಮನೆಗಷ್ಟೇ ಸೀಮಿತವಲ್ಲ. ದತ್ತಾಂಶ ಕೇಂದ್ರಗಳಲ್ಲೀಗ ಸಾಫ್ಟ್‌ವೇರ್ ನಿಯಂತ್ರಿತ ಜಾಲಗಳ ಕಾಲ. 2008ರಲ್ಲಿ ಸ್ಟ್ಯಾನ್‌ಫರ್ಡಿನಿಂದ ಬಂದ ‘ಓಪನ್‌ಫ್ಲೋ’ ಎಂಬ ಪ್ರೋಟೊಕಾಲ್ ಅದಕ್ಕೆ ದೊಡ್ಡ ತಿರುವು ಕೊಟ್ಟಿತು. ಯಾವ ಪ್ಯಾಕೆಟ್ ಯಾವ ದಾರಿಯಲ್ಲಿ ಹೋಗಬೇಕೆಂದು ಒಂದು ನಿಯಂತ್ರಕ ತಂತ್ರಾಂಶ ನಿರ್ಧರಿಸುತ್ತದೆ. ಆದರೆ ದಾರಿ ತೋರಿಸಿದ ಮಾತ್ರಕ್ಕೆ ಸಾಲು ಕರಗದು. ಜಾಲದ ಪ್ರತಿ ಸ್ವಿಚ್ಚಿನ ಬಾಗಿಲಲ್ಲೂ ಸಾಲನ್ನು ಹತೋಟಿಯಲ್ಲಿಡುವ ಕೆಲಸ ನಡೆಯಲೇಬೇಕು.

ಸಾಲಿನ ಈ ನಿರ್ವಹಣೆ ಕಲಿಯಲು ಕೋಟಿ ರೂಪಾಯಿಯ ಪ್ರಯೋಗಾಲಯ ಬೇಡ. ಎನ್‌ಐಟಿಕೆಯವರೇ ಕಟ್ಟಿದ ‘ನೆಸ್ಟ್’ ಎಂಬ ತಂತ್ರಾಂಶವಿದೆ. ಲಿನಕ್ಸ್ ಇರುವ ಒಂದು ಲ್ಯಾಪ್‌ಟಾಪ್ ಸಾಕು. ಪೈಥಾನಿನಲ್ಲಿ ಕೆಲವೇ ಸಾಲಿನ ಕೋಡ್ ಬರೆದರೆ ಅದರೊಳಗೇ ರೂಟರ್‌ಗಳು, ಅವುಗಳ ನಡುವೆ ಸಂಪರ್ಕಗಳು ಎದ್ದು ನಿಲ್ಲುತ್ತವೆ. ವೇಗ, ವಿಳಂಬ ನಾವಿಟ್ಟಷ್ಟೇ. ಸಾಲು ಹಿಗ್ಗಿದ್ದು, ಕುಗ್ಗಿದ್ದು ನಕ್ಷೆಯಾಗಿ ಕಣ್ಣೆದುರು ಬರುತ್ತದೆ.

ಉಜಿರೆ, ಮೂಡುಬಿದಿರೆಯ ಎಂಜಿನಿಯರಿಂಗ್ ಕಾಲೇಜುಗಳ ಪ್ರತಿ ಲ್ಯಾಬಿನಲ್ಲೂ ನೆಸ್ಟ್ ತೆರೆದಿರಬೇಕು. ಜಗತ್ತಿನ ಯಂತ್ರಗಳಿಗೆ ಹೋಗುವ ಕೆಲಸ ನಮ್ಮ ಜಿಲ್ಲೆಯಲ್ಲೇ ಆಗಿದೆ. ಬೆಂಗಳೂರಿನ ಬಸ್ಸು ಹತ್ತುವ ಮೊದಲು ನಮ್ಮ ಮಕ್ಕಳಿಗೆ ಅಷ್ಟಾದರೂ ಗೊತ್ತಿದ್ದರೆ, ಅವರಲ್ಲಿ ಒಬ್ಬಿಬ್ಬರು ಇಲ್ಲೇ ಉಳಿಯುತ್ತಿದ್ದರೇನೋ.