ಮಾಗಿಯ ಚಳಿಯೂ ಮನೆಯೊಳಗಣ ಕಛೇರಿಯೂ

ಕಾರ್ತಿಕದ ದೀಪಗಳು ಆರಿ ಮಾರ್ಗಶಿರದ ಗಾಳಿ ಬೀಸತೊಡಗಿದೊಡನೆ ಹೈದರಾಬಾದಿನ ಕನ್ನಡಿಗರ ಮನೆಗಳಲ್ಲಿ ಪೆಟ್ಟಿಗೆಯ ತಳ ಸೇರಿದ್ದ ಕಂಬಳಿ, ಶಾಲುಗಳು ಹೊರಬರುತ್ತವೆ. ಕಡಲ ತೀರದ ಸೆಕೆಯಲ್ಲಿ ಬೆಳೆದು, ಹೋಟೆಲು ಕೆಲಸಕ್ಕೆಂದು ಇಲ್ಲಿಗೆ ಬಂದ ನಮ್ಮ ಬಂಧುಗಳಿಗಂತೂ ಈ ಊರಿನ ಮೊದಲನೆಯ ಚಳಿಗಾಲ ಮರೆಯಲಾಗದ ಅನುಭವ. ಸಮುದ್ರಮಟ್ಟದಿಂದ 500 ಮೀಟರಿಗೂ ಮಿಕ್ಕ ಎತ್ತರದಲ್ಲಿರುವ ಈ ನಗರದಲ್ಲಿ ಡಿಸೆಂಬರ್, ಜನವರಿಗಳ ಹಗಲು ಹಿತವಾಗಿಯೇ ಇರುತ್ತದೆ. ಆದರೆ ರಾತ್ರಿಯ ಉಷ್ಣತೆ ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸಿಗೂ, ಕೆಲವು ದಿನ ಅದಕ್ಕಿಂತ ಬಹಳ ಕೆಳಕ್ಕೂ ಇಳಿಯುವುದುಂಟು. 1946ರ ಜನವರಿಯಲ್ಲೊಮ್ಮೆ ಅದು 6.1 ಡಿಗ್ರಿಗೆ ಇಳಿದಿದ್ದಿತು.

ಒಲೆಯ ಮುಂದೆ ದೋಸೆ ಹೊಯ್ಯುವವನಿಗೆ ಚಳಿಯ ಗೊಡವೆಯಿಲ್ಲ; ಮೇಜಿನಿಂದ ಮೇಜಿಗೆ ಓಡಾಡುವ ಮಾಣಿಗೂ ಅದು ಅಷ್ಟಾಗಿ ತಾಗದು. ಚಳಿ ಹಿಡಿಯುವುದು ಕುಳಿತವನನ್ನು. ಹೋಟೆಲಿನ ಗಲ್ಲಾ ಮುಚ್ಚಿದ ಮೇಲೆ ಲೆಕ್ಕವನ್ನು ಕೋಣೆಗೆ ತಂದು ನಡುರಾತ್ರಿಯವರೆಗೆ ಬರೆಯುವ ಗುಮಾಸ್ತರು ನಮ್ಮಲ್ಲಿ ಹಿಂದಿನಿಂದಲೂ ಇದ್ದಾರೆ. 2020ರ ಮಾರ್ಚಿಯಲ್ಲಿ ದೇಶಕ್ಕೆ ದೇಶವೇ ಬಾಗಿಲು ಮುಚ್ಚಿ ಕುಳಿತಂದಿನಿಂದ ಈ ಪಂಗಡಕ್ಕೆ ಮತ್ತಷ್ಟು ಮಂದಿ ಸೇರಿದರು. ಅಂದು ಕಛೇರಿಯನ್ನು ಮನೆಗೆ ತಂದವರಲ್ಲಿ ಅನೇಕರು ಇಂದಿಗೂ ವಾರದಲ್ಲಿ ಕೆಲವು ದಿನವಾದರೂ ಮನೆಯ ಮೂಲೆಯಲ್ಲಿಯೇ ಕುಳಿತು ದುಡಿಯುತ್ತಾರೆ. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಕಛೇರಿಯೆಂದರೆ ಏನು? ಕಿಟಕಿಯ ಬದಿಯ ಒಂದು ಮೇಜು, ಇಲ್ಲವೇ ಮಂಚದ ಅಂಚು.

ಇಷ್ಟಕ್ಕೂ ತುಸು ಚಳಿಯಾದರೇನು, ಸಹಿಸಿಕೊಂಡರಾಯಿತು ಎನ್ನುವವರುಂಟು. ನಾವು ಹಾಗೆ ಭಾವಿಸುವುದಿಲ್ಲ. 2004ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಅಲನ್ ಹೆಜ್ ಅವರು ಒಂದು ಕಛೇರಿಯಲ್ಲಿ ಪರೀಕ್ಷೆ ನಡೆಸಿದರು. ಕೋಣೆಯ ಉಷ್ಣತೆಯನ್ನು 20 ಡಿಗ್ರಿಯಿಂದ 25 ಡಿಗ್ರಿಗೆ ಏರಿಸಿದಾಗ ಬೆರಳಚ್ಚಿನ ತಪ್ಪುಗಳು ನೂರಕ್ಕೆ 44ರಷ್ಟು ಇಳಿದವು. ಅದು ಕೆಲವೇ ನೌಕರರ ಮೇಲೆ ನಡೆದ ಸಣ್ಣ ಪರೀಕ್ಷೆ, ನಿಜ. ಆದರೂ ಸೆಟೆದ ಬೆರಳಿನಿಂದ ಅಂಕಿ ಬರೆದವರಿಗೆ ಇದರ ಮರ್ಮ ತಿಳಿಯದಿರದು. ತಪ್ಪಿದ ಒಂದು ಸೊನ್ನೆಗೆ ಉತ್ತರ ಹೇಳಬೇಕಾದವನು ಗುಮಾಸ್ತನೇ ಹೊರತು ಚಳಿಯಲ್ಲವಷ್ಟೆ!

ಹಾಗಾದರೆ ಮಾಡಬೇಕಾದುದೇನು? ಮೊಟ್ಟಮೊದಲು ಸೂರ್ಯನ ಸಹಾಯ ಪಡೆಯುವುದು. ಆತನಿಗೆ ಸಂಬಳ ಕೊಡಬೇಕಾಗಿಲ್ಲ. ಡಿಸೆಂಬರಿನ ಮೂರನೆಯ ವಾರದಲ್ಲಿ ನಮ್ಮ ಊರಿನ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ಬರುವುದಿಲ್ಲ. ದಕ್ಷಿಣಕ್ಕೆ ವಾಲಿ, ದಿಗಂತದಿಂದ ಸುಮಾರು 49 ಡಿಗ್ರಿ ಎತ್ತರದಲ್ಲಿ ಸಾಗುತ್ತಾನೆ. ಆದುದರಿಂದ ತೆಂಕಣ ಕಿಟಕಿಯ ಬಿಸಿಲು ಕೋಣೆಯೊಳಕ್ಕೆ ಬಹುದೂರ ಚಾಚುತ್ತದೆ. ಜೂನ್ ತಿಂಗಳಲ್ಲಿ ಅದೇ ಸೂರ್ಯ ನಡುನೆತ್ತಿಯನ್ನು ದಾಟಿ ತುಸು ಉತ್ತರಕ್ಕೆ ಸರಿಯುವನಾದ ಕಾರಣ ಆ ಕಿಟಕಿಯೇ ಬೇಸಗೆಯಲ್ಲಿ ನೆರಳಾಗಿರುತ್ತದೆ. ಮೇಜನ್ನು ಋತುವಿಗೆ ತಕ್ಕಂತೆ ಸರಿಸುವುದರಲ್ಲಿ ಅವಮಾನವೇನೂ ಇಲ್ಲ. ಬೆಳಗಿನ ಕೆಲಸದವರು ಮೂಡಣ ಕಿಟಕಿಯನ್ನೂ, ಮಧ್ಯಾಹ್ನದವರು ತೆಂಕಣ ಕಿಟಕಿಯನ್ನೂ ಆರಿಸಿಕೊಳ್ಳಲಿ. ಆದರೆ ಕಿಟಕಿ ಬೆನ್ನ ಹಿಂದಿದ್ದರೆ ಗಣಕಯಂತ್ರದ ಪರದೆ ಹೊಳೆದು ಅಕ್ಷರ ಕಾಣದು. ಎದುರಿಗಿದ್ದರೆ ಕಣ್ಣು ಕುಕ್ಕುವುದು. ಎಡಬದಿಯಲ್ಲಿದ್ದರೆ, ಬಲಗೈಯಲ್ಲಿ ಬರೆಯುವವರಿಗೆ ಕೈಯ ನೆರಳೂ ಕಾಗದದ ಮೇಲೆ ಬೀಳದು.

ಎರಡನೆಯದು ಪಾದ. ಇಲ್ಲಿನ ಹಳೆಯ ಮನೆಗಳಲ್ಲಿ ಅನೇಕಕ್ಕೆ ಕಲಬುರಗಿ ಜಿಲ್ಲೆಯ ಶಹಾಬಾದಿನ ಫರಸಿಕಲ್ಲನ್ನು ಹಾಸಿದ್ದಾರೆ. 1956ರ ನವೆಂಬರ್ 1ರಂದು ಕಲಬುರಗಿ, ಬೀದರ, ರಾಯಚೂರುಗಳು ಹೈದರಾಬಾದ್ ರಾಜ್ಯವನ್ನಗಲಿ ಮೈಸೂರು ರಾಜ್ಯವನ್ನು ಸೇರಿದರೂ ಆ ನೆಲದ ಕಲ್ಲು ಮಾತ್ರ ನಮ್ಮ ಕಾಲಡಿಯಲ್ಲಿಯೇ ಉಳಿದಿದೆ! ಬೇಸಗೆಯಲ್ಲಿ ತಂಪೆರೆಯುವ ಈ ಕಲ್ಲು ಮಾಗಿಯಲ್ಲಿ ಅಂಗಾಲಿನ ಶಾಖವನ್ನೆಲ್ಲ ಹೀರಿಕೊಳ್ಳುತ್ತದೆ. ಕೆಳಗೊಂದು ಮಡಚಿದ ಗೋಣಿ, ಅದರ ಮೇಲೊಂದು ಜಮಖಾನೆ ಹಾಸಿದರೆ ಸಾಕು. ಅದು ವರಂಗಲ್ಲಿನದಾದರೂ ಸರಿ, ನಮ್ಮ ನವಲಗುಂದದ್ದಾದರೂ ಸರಿ. ಕಾಲು ನೆಲಕ್ಕೆ ಎಟುಕದಿದ್ದರೆ ಒಂದು ಹಲಗೆಯ ಮೇಲಿಡಿ. ಊಟದ ಮಣೆಯನ್ನು ಮಾತ್ರ ಮುಟ್ಟಬೇಡಿ, ಮನೆಯವರ ಮಾತು ಕೇಳಬೇಕಾದೀತು. ಹತ್ತಿಯ ಕಾಲುಚೀಲ, ಹೆಗಲಿಗೊಂದು ಶಾಲು, ಮೊಣಕಾಲಿನ ಮೇಲೊಂದು ಕಂಬಳಿ ಇವಿಷ್ಟಿದ್ದರೆ ಈ ಊರಿನ ಚಳಿಗೆ ಉತ್ತರ ಹೇಳಿದಂತೆಯೇ.

ಮೂರನೆಯದು ಕುಳಿತುಕೊಳ್ಳುವ ರೀತಿ. ಚಳಿಯಲ್ಲಿ ಮುದುಡಿ ಕುಳಿತರೆ ಬೆನ್ನೂ ಕತ್ತೂ ನೋಯುವುದು ಖಂಡಿತ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬರುವಂತೆ ಕೆಳಗೆ ಹಳೆಯ ಖಾತೆಪುಸ್ತಕಗಳನ್ನು ಪೇರಿಸಿ, ಕೀಲಿಮಣೆಯನ್ನು ಬೇರೆಯಾಗಿ ಮೊಣಕೈಯ ಮಟ್ಟದಲ್ಲಿಟ್ಟುಕೊಳ್ಳುವುದು ಲೇಸು. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆದರೆ ರಕ್ತ ಚಲಿಸುತ್ತದೆ, ಬೆರಳು ಸಡಿಲವಾಗುತ್ತದೆ. ಸೆಕೆಯಿಲ್ಲದ ಕಾರಣ ನೀರು ಕುಡಿಯುವುದನ್ನೇ ನಾವು ಮರೆಯುತ್ತೇವೆ. ಶುಂಠಿ, ಕೊತ್ತಂಬರಿ, ಜೀರಿಗೆ ಹಾಕಿದ ಬಿಸಿ ಕಷಾಯ ಹತ್ತಿರವಿದ್ದರೆ ಆ ಮರೆವಿಗೂ ಮದ್ದಾಯಿತು.

ವಿದ್ಯುತ್ ಹೀಟರು ಕೊಳ್ಳುವ ಮುನ್ನ ಗುಮಾಸ್ತರು ತಮ್ಮ ವಿದ್ಯೆಯನ್ನೇ ಉಪಯೋಗಿಸಲಿ. 1,000 ವಾಟಿನ ಹೀಟರು ದಿನಕ್ಕೆ 8 ಗಂಟೆ ಉರಿದರೆ 8 ಯೂನಿಟ್ಟು; ತಿಂಗಳಿಗೆ 240 ಯೂನಿಟ್ಟು. ಮುಂಜಾನೆ ಅರ್ಧ ಗಂಟೆ ಉರಿಸಿ ಆರಿಸಿದರೆ ತಿಂಗಳಿಗೆ 15 ಯೂನಿಟ್ಟು ಮಾತ್ರ. ಬಿಸಿಲೇರಿದ ಮೇಲೆ ಹೈದರಾಬಾದಿನಲ್ಲಿ ಅದರ ಅಗತ್ಯ ಬಲು ಅಪರೂಪ.

ಇನ್ನು ನಾವು ಹೇಳಲೇಬೇಕಾದ ಮುಖ್ಯ ಮಾತೊಂದಿದೆ. ಇದನ್ನು ವಾಚಕರು ತಮ್ಮ ಜೊತೆಯವರಿಗೂ ಓದಿ ಹೇಳಬೇಕೆಂದು ಪ್ರಾರ್ಥಿಸುತ್ತೇವೆ. ಹೋಟೆಲಿನ ಒಲೆಯಲ್ಲಿ ಉಳಿದ ಕೆಂಡವನ್ನು ತಗಡಿನ ಡಬ್ಬಿಯಲ್ಲಿ ತುಂಬಿ ತಂದು, ಕೋಣೆಯ ಬಾಗಿಲು ಕಿಟಕಿಗಳನ್ನು ಮುಚ್ಚಿ, ಒಬ್ಬನು ಲೆಕ್ಕ ಬರೆಯುತ್ತ, ಉಳಿದವರು ಸುತ್ತ ಮಲಗುವ ಪದ್ಧತಿ ಅತ್ಯಂತ ಅಪಾಯಕರ. ಅರೆಬರೆ ಉರಿಯುವ ಇದ್ದಿಲಿನಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಹೀಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಕ್ಕ ಬಲದಿಂದ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ತಲೆಸುತ್ತು, ಓಕರಿಕೆ, ಬಳಿಕ ಮಂಪರು. ನಿದ್ರೆ ಬಂದಿತೆಂದು ಭಾವಿಸಿದವನು ಮರಳಿ ಏಳದಿರಬಹುದು. ಹೊಗೆ ಕಾಣದಿದ್ದ ಮಾತ್ರಕ್ಕೆ ಅಪಾಯವಿಲ್ಲವೆಂದಲ್ಲ. ಇಂಥ ಲಕ್ಷಣ ತೋರಿದೊಡನೆ ಎಲ್ಲರನ್ನೂ ಬಯಲಿಗೆ ಕರೆತಂದು, 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸೇರಿಸಬೇಕು. ಉತ್ತಮವಾದ ಮಾರ್ಗವೆಂದರೆ ಕೆಂಡವನ್ನು ಕೋಣೆಯ ಹೊಸಿಲು ದಾಟಿಸದಿರುವುದೇ.

ಹೋಟೆಲಿನ ಯಜಮಾನರಿಗೂ ನಮ್ಮದೊಂದು ವಿನಂತಿ. ಕೆಲಸಗಾರರ ಕೋಣೆಗೆ ಮನುಷ್ಯನಿಗೊಂದರಂತೆ ಕಂಬಳಿ ಕೊಟ್ಟರೆ ಕೆಂಡ ತರುವ ಪ್ರಸಂಗವೇ ಬಾರದು. ಕಂಬಳಿಯ ಬೆಲೆಯನ್ನು ಜೀವದ ಬೆಲೆಯೊಡನೆ ತೂಗಿ ನೋಡಬೇಕಾದ ಕಾಲ ಬರಬಾರದು. ಹಾಗೆಯೇ ಕಛೇರಿಯನ್ನು ನೌಕರನ ಮನೆಗೆ ವರ್ಗಾಯಿಸಿದವರು ಅದರೊಡನೆ ಒಂದು ಒಳ್ಳೆಯ ಕುರ್ಚಿಯನ್ನೂ ವರ್ಗಾಯಿಸುವುದು ನ್ಯಾಯ.

ಮನೆಯೊಳಗೂ ಒಂದು ಒಪ್ಪಂದ ಅಗತ್ಯ. ಬಿಸಿಲು ಬೀಳುವ ಮೂಲೆ ಒಂದೇ ಆದರೆ ಅದು ದುಡಿಯುವವನೊಬ್ಬನ ಸೊತ್ತಲ್ಲ. ಓದುವ ಮಗುವಿಗೂ, ಮಂಡಿನೋವಿನ ಅಜ್ಜಿಗೂ ಅದರಲ್ಲಿ ಪಾಲುಂಟು. ಬೆಳಗಿನ ಎರಡು ಗಂಟೆ ಒಬ್ಬರಿಗೆ, ಮಧ್ಯಾಹ್ನ ಇನ್ನೊಬ್ಬರಿಗೆ ಎಂದು ಹಂಚಿಕೊಂಡರೆ ಮನೆಯಲ್ಲಿ ಬಿಸಿಲೂ ಉಳಿಯುತ್ತದೆ, ಶಾಂತಿಯೂ ಉಳಿಯುತ್ತದೆ. ಕೆಲಸ ಮುಗಿದೊಡನೆ ಯಂತ್ರವನ್ನು ಮುಚ್ಚಿ ಮೇಜಿನ ಮೇಲೊಂದು ಬಟ್ಟೆ ಹೊದಿಸುವುದನ್ನು ಮಾತ್ರ ಮರೆಯಬಾರದು. ಕಛೇರಿಗೆ ಬೀಗ ಬಿದ್ದರೆ ತಾನೇ ಅದು ಮತ್ತೆ ಮನೆಯಾಗುವುದು?

ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋಗುವುದೆಂದು ಹಿರಿಯರ ಮಾತು. ಅಲ್ಲಿಯವರೆಗಿನ ಈ ಕೆಲವು ವಾರಗಳನ್ನು ನಮ್ಮವರೆಲ್ಲರೂ ಬೆಚ್ಚಗೆ, ಕ್ಷೇಮವಾಗಿ, ತಪ್ಪಿಲ್ಲದ ಲೆಕ್ಕದೊಡನೆ ಕಳೆಯಲೆಂದು ಹಾರೈಸುತ್ತೇವೆ.